ಡಬ್ಬಿಯ ಮೇಲೆ ದೀಪದ ಚಿತ್ರ, ಒಳಗಿರುವುದು ಯಾವ ಕಪ್ಪು?

ಇಂದ
ನಿಮ್ಮ ಗ್ರಾಹಕಿ,
ತುಮಕೂರು

ಗೆ
ಮುಖ್ಯಸ್ಥರು,
ಗ್ರಾಹಕ ದೂರು ವಿಭಾಗ

ವಿಷಯ: ‘ಎಳೆಗೂಸಿಗೂ ಸುರಕ್ಷಿತ’ ಎಂದು ನೀವು ಮಾರುವ ಕಾಡಿಗೆಯಲ್ಲಿರುವ ಕಪ್ಪು ಬಣ್ಣದ ಬಗ್ಗೆ ಮೂರನೇ ದೂರು

ಮಾನ್ಯರೇ,

ಮೊದಲ ದೂರು ಫೋನಿನಲ್ಲಿ ಕೊಟ್ಟೆ. ಎರಡನೆಯದನ್ನು ಮಗಳ ಕೈಲಿ ಇಮೇಲ್ ಮಾಡಿಸಿದೆ. ಇದು ಮೂರನೆಯದು, ಸ್ಪೀಡ್ ಪೋಸ್ಟಿನಲ್ಲಿ ಬರುತ್ತಿದೆ. ವಿಷಯ ಬಹಳ ಸಣ್ಣದು. ಸರಿಯಾಗಿ 3 ಗ್ರಾಂ.

ನನ್ನ ಮಗಳು ಬಾಣಂತನಕ್ಕೆ ಮನೆಗೆ ಬಂದಿದ್ದಾಳೆ. ಮಗುವಿಗೆ ಕಾಡಿಗೆ ಹಚ್ಚುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಕೆನ್ನೆಗೊಂದು ದೃಷ್ಟಿ ಬೊಟ್ಟು, ಕಣ್ಣಿಗೊಂದು ಗೆರೆ. ನಮ್ಮಮ್ಮ ಮನೆಯಲ್ಲೇ ಮಾಡುತ್ತಿದ್ದರು. ಬಿಳಿ ಬಟ್ಟೆಯನ್ನು ಹೊನಗೊನೆ ಸೊಪ್ಪಿನ ರಸದಲ್ಲಿ ಅದ್ದಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆ ದೀಪ ಹಚ್ಚಿ, ಮೇಲೆ ತಾಮ್ರದ ತಟ್ಟೆ ಕವುಚಿ ಇಡುತ್ತಿದ್ದರು. ಬೆಳಿಗ್ಗೆ ತಟ್ಟೆಗೆ ಹಿಡಿದ ಮಸಿಯನ್ನು ಕೆರೆದು ತುಪ್ಪದಲ್ಲಿ ಕಲಸಿದರೆ ಆಯಿತು. ನನಗೆ ಈಗ ಅಷ್ಟು ತಾಳ್ಮೆ ಇಲ್ಲ. ಅಂಗಡಿಯಲ್ಲಿ ನಿಮ್ಮ ಡಬ್ಬಿ ಕಂಡಿತು. ಮುಚ್ಚಳದ ಮೇಲೆ ಉರಿಯುವ ದೀಪ, ಪಕ್ಕದಲ್ಲಿ ತಾಮ್ರದ ತಟ್ಟೆ, ಕೆಳಗೆ ‘ಅಜ್ಜಿ ಮಾಡಿದ ಹಾಗೆ, ಕೆಮಿಕಲ್ ಇಲ್ಲ, ಎಳೆಗೂಸಿಗೂ ಸುರಕ್ಷಿತ’ ಎಂಬ ಬರಹ. ಅಜ್ಜಿ ನಾನೇ ತಾನೆ? ತಗೊಂಡು ಬಂದೆ.

ನಾಲ್ಕು ದಿನ ಹಚ್ಚಿದೆ. ಐದನೇ ದಿನ ಮಗುವಿನ ಎಡಗಣ್ಣು ಕೆಂಪಾಯಿತು, ಗೀಜು ಕಟ್ಟಿ ರೆಪ್ಪೆ ಅಂಟಿಕೊಂಡಿತು. ಮಕ್ಕಳ ಡಾಕ್ಟರ ಹತ್ತಿರ ಓಡಿದೆವು. ಅವರು ನನ್ನನ್ನೇ ನೋಡಿ, ‘ಏನಮ್ಮ, ಕಾಡಿಗೆನಾ?’ ಅಂದರು. ಹೌದು ಅಂದೆ. ಇಷ್ಟು ಚಿಕ್ಕ ಮಗುವಿನ ಕಣ್ಣಿನ ಹತ್ತಿರ ಯಾವ ಕಾಡಿಗೆಯೂ ಬೇಡ, ಬೆರಳಿನ ಕೊಳೆಯೇ ಸಾಕು ಸೋಂಕು ಆಗಲು ಎಂದು ಬೈದರು. ಆ ಬೈಗುಳ ನನಗೆ ಸೇರಬೇಕಾದದ್ದು, ತಗೊಂಡಿದ್ದೇನೆ. ಡ್ರಾಪ್ಸ್ ಹಾಕಿ ಕಣ್ಣು ವಾಸಿಯಾಯಿತು. ಆ ಸೋಂಕನ್ನು ನಿಮ್ಮ ಡಬ್ಬಿಯ ಮೇಲೆ ನಾನು ಹೊರಿಸುತ್ತಿಲ್ಲ.

ನನ್ನ ದೂರು ಅವರ ಮುಂದಿನ ಪ್ರಶ್ನೆಯಿಂದ ಶುರುವಾಗುತ್ತದೆ. ‘ಇದರಲ್ಲಿ ಕಪ್ಪಿಗೆ ಏನು ಹಾಕಿದ್ದಾರೆ? ಸೀಸ ಇಲ್ಲ ತಾನೆ?’ ಎಂದು ಕೇಳಿದರು. ನಾನು ಡಬ್ಬಿ ತಿರುಗಿಸಿದೆ. ಕನ್ನಡಕ ಹಾಕಿಕೊಂಡು ಮತ್ತೆ ತಿರುಗಿಸಿದೆ. ಬೆಲೆ ಇತ್ತು, ತಾರೀಖು ಇತ್ತು, ಬ್ಯಾಚ್ ನಂಬರ್ ಇತ್ತು, ಲೈಸೆನ್ಸ್ ನಂಬರ್ ಇತ್ತು. ಒಳಗೆ ಏನಿದೆ ಎಂಬ ಒಂದು ಸಾಲೂ ಇರಲಿಲ್ಲ.

ಆ ಸಂಜೆಯೇ ನಿಮಗೆ ಫೋನ್ ಮಾಡಿದೆ. ನಿಮ್ಮ ಹುಡುಗಿ ಬಹಳ ಮರ್ಯಾದೆಯಿಂದಲೇ ಮಾತಾಡಿದಳು. ‘ಮೇಡಂ, ಪೂರ್ತಿ ನ್ಯಾಚುರಲ್’ ಅಂದಳು. ನ್ಯಾಚುರಲ್ ಅಂದರೆ ಏನು ಎಂದದ್ದಕ್ಕೆ ‘ನ್ಯಾಚುರಲ್ ಕಾರ್ಬನ್’ ಅಂದಳು. ಎಲ್ಲಿಂದ ಬಂದ ಕಾರ್ಬನ್ ಎಂದೆ. ಅದು ಕಂಪನಿಯ ಗುಟ್ಟಂತೆ. ಇಮೇಲಿಗೆ ನಿಮ್ಮಿಂದ ಬಂದ ಉತ್ತರ ಇನ್ನೂ ಚೆನ್ನಾಗಿದೆ: 30 ಗ್ರಾಮಿಗಿಂತ ಕಡಿಮೆ ತೂಕದ ಪ್ಯಾಕಿನ ಮೇಲೆ ಪದಾರ್ಥಗಳ ಪಟ್ಟಿ ಹಾಕುವ ಅಗತ್ಯವಿಲ್ಲ, ಕಾನೂನೇ ವಿನಾಯಿತಿ ಕೊಟ್ಟಿದೆ. ಜೊತೆಗೆ 200 ರೂಪಾಯಿಯ ಕೂಪನ್.

ವಿನಾಯಿತಿ ಇರುವುದು ನಿಜ. ಮಗಳು ಹುಡುಕಿ ನೋಡಿದಳು. ಅವಳು ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳುವವಳು. ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ಫೋನಿನಲ್ಲಿ ನಿಯಮ ಓದುವುದೇ ಈಗ ಅವಳ ಬಾಣಂತನ. ಆದರೆ ಸ್ವಾಮಿ, 30 ಗ್ರಾಂ ಕಾಡಿಗೆಯನ್ನು ಯಾವ ಕಂಪನಿ ಮಾರುತ್ತದೆ? ಅಷ್ಟಿದ್ದರೆ ನಮ್ಮ ಇಡೀ ಬೀದಿಯ ಹೆಂಗಸರಿಗೆ ವರ್ಷಕ್ಕಾಗುತ್ತದೆ. ಅಂದರೆ ಕಣ್ಣಿಗೆ ಹಚ್ಚುವ ಯಾವ ಕಪ್ಪಿಗೂ ಪಟ್ಟಿ ಬೇಡ ಅಂತಾಯಿತು. ಬರೆಯುವುದು ಕಡ್ಡಾಯವಲ್ಲ ಎಂದು ಕಾನೂನು ಹೇಳಿದೆ. ಗ್ರಾಹಕ ಕೇಳಿದರೂ ಹೇಳಬೇಡಿ ಎಂದು ಹೇಳಿಲ್ಲ.

ಇಷ್ಟೊಂದು ಯಾಕೆ ಕೇಳುತ್ತಾಳೆ ಈ ಮುದುಕಿ ಅನ್ನಿಸಬಹುದು. ಕಪ್ಪು ಅಂದರೆ ಒಂದೇ ಕಪ್ಪಲ್ಲ, ಅದಕ್ಕೆ. ನನಗೂ ಈಗಲೇ ಗೊತ್ತಾದದ್ದು. ಒಂದೊಂದು ಬಣ್ಣಕ್ಕೂ ‘ಕಲರ್ ಇಂಡೆಕ್ಸ್’, ಅಂದರೆ ಸಿಐ, ಎನ್ನುವ ನಂಬರ್ ಇದೆ. ಸಿಐ 77266 ಎಂದರೆ ಕಾರ್ಬನ್ ಬ್ಲ್ಯಾಕ್. ಪೆಟ್ರೋಲಿಯಂನ ದಪ್ಪ ಎಣ್ಣೆಯನ್ನು ಕುಲುಮೆಯಲ್ಲಿ ಅರೆಬರೆ ಉರಿಸಿ ತೆಗೆಯುವ ಮಸಿ ಅದು. ಟೈರಿಗೂ ಪ್ರಿಂಟಿಂಗ್ ಇಂಕಿಗೂ ಹಾಕುವ ಜಾತಿಯದು, ಶುದ್ಧತೆ ಬೇರೆ. ಸಿಐ 77267 ಎಂದರೆ ಪ್ರಾಣಿಗಳ ಮೂಳೆ ಸುಟ್ಟ ಇದ್ದಿಲು. (ನಿಮ್ಮ ಡಬ್ಬಿಯ ಮೇಲೆ ಸಸ್ಯಾಹಾರದ ಹಸಿರು ಚುಕ್ಕಿ ಇದೆ, ಆದ್ದರಿಂದ ಅದಿರಲಾರದು ಎಂದು ನಂಬಿದ್ದೇನೆ.) 77268:1 ಎಂದರೆ ಸಸ್ಯಗಳ ಇದ್ದಿಲು. 77499 ಎಂದರೆ ಕಪ್ಪು ಐರನ್ ಆಕ್ಸೈಡ್, ತುಕ್ಕಿನ ಅಣ್ಣತಮ್ಮ. ಇವೆಲ್ಲ ಬಿಟ್ಟು ಇನ್ನೊಂದಿದೆ. ಹಳೇ ಕಾಲದ ಸುರ್ಮಾಕ್ಕೆ ಅರೆದು ಹಾಕುತ್ತಿದ್ದ ಹೊಳೆಯುವ ಕಪ್ಪು ಕಲ್ಲು, ಗೆಲೀನಾ. ಅದು ಸೀಸದ ಸಲ್ಫೈಡ್. ಡಾಕ್ಟರು ಹೆದರಿದ್ದು ಇದಕ್ಕೆ.

ಹೆದರುವುದರಲ್ಲಿ ಅರ್ಥವೂ ಇದೆ. ಕಣ್ಣಿಗೆ ಹಚ್ಚಿದ್ದು ಕಣ್ಣಿನಲ್ಲೇ ಉಳಿಯುವುದಿಲ್ಲ. ಮಗು ಕಣ್ಣುಜ್ಜಿ ಅದೇ ಕೈಯನ್ನು ಬಾಯಿಗೆ ಇಟ್ಟುಕೊಳ್ಳುತ್ತದೆ. ಕಣ್ಣೀರು ಮೂಗಿನ ದಾರಿಯಲ್ಲಿ ಗಂಟಲಿಗೆ ಇಳಿಯುತ್ತದೆ. ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಸುರಕ್ಷಿತ ಮಟ್ಟ ಯಾವುದೂ ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಎಳೆಯ ಮಿದುಳಿಗೆ ಅದು ಮಾಡುವ ಹಾನಿ ಹೊರಗೆ ಕಾಣುವುದೂ ಇಲ್ಲ. ಬಣ್ಣಕ್ಕಾಗಿ ಸೀಸ ಮತ್ತು ಆರ್ಸೆನಿಕ್ ಸಂಯುಕ್ತಗಳನ್ನು ಕಾಸ್ಮೆಟಿಕ್ಸಿನಲ್ಲಿ ಬಳಸುವುದನ್ನು ನಮ್ಮ ದೇಶದಲ್ಲೂ ನಿಷೇಧಿಸಲಾಗಿದೆ. ನೀವು ಹಾಕಿದ್ದೀರಿ ಎಂದು ನಾನು ಹೇಳುತ್ತಿಲ್ಲ. ಹಾಕಿಲ್ಲ ಎಂದು ನೀವು ತೋರಿಸುತ್ತಿಲ್ಲ, ಅಷ್ಟೇ.

ಇನ್ನು ಕಾರ್ಬನ್ ಬ್ಲ್ಯಾಕ್ ವಿಷಯ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು 2ಬಿ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವ ಸಾಧ್ಯತೆ ಇದೆ ಎನ್ನುವ ಗುಂಪಿಗೆ ಸೇರಿಸಿದೆ. ಅದನ್ನು ಹಿಡಿದು ಬೊಬ್ಬೆ ಹೊಡೆಯುವವಳಲ್ಲ ನಾನು. ಅದು ಮುಖ್ಯವಾಗಿ ಉಸಿರಿನಲ್ಲಿ ಒಳಗೆ ಹೋಗುವ ಧೂಳಿನ ಮಾತು, ತುಪ್ಪದಂತೆ ಕಲಸಿಟ್ಟ ಕಾಡಿಗೆಯ ಮಾತಲ್ಲ ಎಂದು ಮಗಳು ಬಿಡಿಸಿ ಹೇಳಿದಳು. ಯುರೋಪಿನವರು ಕೂಡ ತೀರಾ ನುಣ್ಣಗಿನ ನ್ಯಾನೋ ಕಾರ್ಬನ್ ಬ್ಲ್ಯಾಕನ್ನು 10 ಶೇಕಡಾದವರೆಗೆ ಒಪ್ಪಿದ್ದಾರೆ, ಉಸಿರಿಗೆ ಹೋಗುವಂತೆ ಬಳಸಬೇಡಿ ಎಂಬ ಷರತ್ತಿನ ಮೇಲೆ. ಚಿಂತೆ ಇರುವುದು ಮಸಿಗೆ ಅಂಟಿಕೊಂಡು ಬರುವ ಕೊಳೆಯ ಬಗ್ಗೆ. ಏನನ್ನೇ ಅರೆಬರೆ ಉರಿಸಿದರೂ ಪಿಎಎಚ್ ಎನ್ನುವ ವಸ್ತುಗಳು ಹುಟ್ಟುತ್ತವೆ. ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ನಮ್ಮಮ್ಮನ ದೀಪದ ಮಸಿಯಲ್ಲೂ ಅವು ಇದ್ದೇ ಇರುತ್ತವೆ ಎಂದು ಗೊತ್ತಾದಾಗ ನನಗೆ ಸ್ವಲ್ಪ ಬೇಜಾರೇ ಆಯಿತು. ಆದ್ದರಿಂದ ‘ಅಜ್ಜಿ ಮಾಡಿದ ಹಾಗೆ’ ಎಂದರೆ ಸುರಕ್ಷಿತ ಎಂದು ಅಜ್ಜಿಗೂ ಹೇಳಲು ಬರುವುದಿಲ್ಲ, ನಿಮಗೂ ಬರುವುದಿಲ್ಲ. ಪರೀಕ್ಷೆ ಮಾಡಿಸಿದವರಿಗೆ ಮಾತ್ರ ಹೇಳಲು ಬರುತ್ತದೆ.

ಪರೀಕ್ಷೆಯ ಮಾತು ಬಂದದ್ದರಿಂದ ಹೇಳುತ್ತೇನೆ. ನನ್ನ ನಾದಿನಿ ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿನ ಇಂಡಿಯನ್ ಅಂಗಡಿಯಲ್ಲಿ ನಿಮ್ಮದೇ ಕಂಪನಿಯ ಕಾಡಿಗೆ ಸಿಗುತ್ತದೆ. ಡಬ್ಬಿ ಇಷ್ಟೇ ದೊಡ್ಡದು. ಫೋಟೋ ತೆಗೆದು ಕಳಿಸಿದಳು. ಅದರ ಹಿಂದೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಪೂರ್ತಿ ಪಟ್ಟಿ ಇದೆ! ಕೊನೆಯಲ್ಲಿ ‘ಬ್ಲ್ಯಾಕ್ 2, ಸಿಐ 77266’ ಅಂತ ಬರೆದಿದ್ದೀರಿ. ದೀಪದ ಚಿತ್ರ ಇಲ್ಲ. ಎಳೆಗೂಸಿನ ಮಾತೂ ಇಲ್ಲ.

ಅಮೆರಿಕದಲ್ಲಿ ಈ ಬ್ಲ್ಯಾಕ್ 2ಕ್ಕೆ ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು 2004ರಲ್ಲಿ. ಅದೂ ಸುಮ್ನೆ ಕೊಟ್ಟಿಲ್ಲ. ಬಣ್ಣದ ಒಂದೊಂದು ಬ್ಯಾಚೂ ಅವರಲ್ಲಿ ಪರೀಕ್ಷೆಯಾಗಿ ಸರ್ಟಿಫಿಕೇಟ್ ಪಡೆಯಬೇಕು. ಸೀಸ ಹತ್ತು ಲಕ್ಷದಲ್ಲಿ 10 ಭಾಗ ಮೀರಬಾರದು. ಪಿಎಎಚ್ ಎಲ್ಲ ಸೇರಿ ಹತ್ತು ಲಕ್ಷದಲ್ಲಿ ಅರ್ಧ ಭಾಗ. ಅದರಲ್ಲೂ ಕೆಟ್ಟದಾದ ಬೆಂಜೋಪೈರೀನ್ ನೂರು ಕೋಟಿಯಲ್ಲಿ 5 ಭಾಗ ಮಾತ್ರ.

ಈಗ ನನ್ನ ಪ್ರಶ್ನೆ. ತುಮಕೂರಿನ ಡಬ್ಬಿಯಲ್ಲಿ ಇರುವುದು ನ್ಯೂಜೆರ್ಸಿಯ ಕಪ್ಪೇನಾ? ಹೌದಾದರೆ ಸರ್ಟಿಫಿಕೇಟ್ ನಿಮ್ಮ ಹತ್ತಿರ ಇದ್ದೇ ಇರಬೇಕು. ಒಂದು ಪ್ರತಿ ಕಳಿಸಲು ಅಡ್ಡಿಯೇನು? ಹಾಗೆಯೇ, ಹೌದಾದರೆ ಅದು ಪೆಟ್ರೋಲಿಯಂ ಮಸಿ. ಹಾಗಿದ್ದ ಮೇಲೆ ಮುಚ್ಚಳದ ಮೇಲೆ ಹರಳೆಣ್ಣೆ ದೀಪ ಯಾಕೆ ಉರಿಯುತ್ತಿದೆ? ಅಲ್ಲ, ಇಲ್ಲಿನದು ನಿಜವಾಗಿಯೂ ದೀಪದ ಮಸಿಯೇ ಎನ್ನುವುದಾದರೆ, ಅದರಲ್ಲಿ ಪಿಎಎಚ್ ಎಷ್ಟಿದೆ ಎಂದು ಯಾರು ನೋಡಿದ್ದಾರೆ? ಎರಡರಲ್ಲಿ ಯಾವುದಾದರೂ ಒಂದು ಉತ್ತರ ಇರಲೇಬೇಕಲ್ವಾ?

ನನಗೆ ದುಡ್ಡು ವಾಪಸ್ ಬೇಡ. ಕೂಪನ್ ಈ ಪತ್ರದ ಜೊತೆಗೇ ಇದೆ, ಇಟ್ಟುಕೊಳ್ಳಿ. ನನ್ನ ಡಬ್ಬಿಯ ಬ್ಯಾಚಿನಲ್ಲಿ ಬಳಸಿದ ಕಪ್ಪಿನ ಸಿಐ ನಂಬರ್ ಮತ್ತು ಸೀಸ, ಆರ್ಸೆನಿಕ್, ಪಿಎಎಚ್ ಪರೀಕ್ಷೆಯ ರಿಪೋರ್ಟ್ ಕಳಿಸಿ. ‘ಎಳೆಗೂಸಿಗೂ ಸುರಕ್ಷಿತ’ ಎಂಬ ಮಾತನ್ನು ಡಬ್ಬಿಯಿಂದ ತೆಗೆಯಿರಿ. ಯಾವ ಆಧಾರದ ಮೇಲೆ ಹಾಕಿದ್ದಿರಿ ಎಂದೂ ತಿಳಿಸಿ. ನ್ಯೂಜೆರ್ಸಿಯ ಡಬ್ಬಿಗೆ ಹಿಡಿಸಿದ ಪಟ್ಟಿ ಇಲ್ಲಿನ ಡಬ್ಬಿಗೂ ಹಿಡಿಸುತ್ತದೆ, ಅದನ್ನೂ ಅಚ್ಚು ಹಾಕಿಸಿ. ಉತ್ತರ ಕನ್ನಡದಲ್ಲೇ ಇರಲಿ. ಸಹಿ ಮಾಡಿದವರ ಹುದ್ದೆಯೂ ಇರಲಿ, ‘ಕಸ್ಟಮರ್ ಹ್ಯಾಪಿನೆಸ್ ಟೀಂ’ ಅಂತ ಬೇಡ.

15 ದಿನ ಕಾಯುತ್ತೇನೆ. ಆಮೇಲೆ 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡ ಇದೆ ಎಂಬುದು ನಿಮ್ಮ ವಕೀಲರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಇನ್ನೊಂದು ದಾರಿಯೂ ಇದೆ. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ, ಕೊಂಡ ಕಾಸ್ಮೆಟಿಕ್ಸನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ಸರ್ಕಾರಿ ಅನಲಿಸ್ಟರ ಪರೀಕ್ಷೆಗೆ ಕೊಡಬಹುದು. 3 ಗ್ರಾಂ ಸಾಲದೇ ಹೋಗಬಹುದು ಅಂತ ಅದೇ ಅಂಗಡಿಯಿಂದ ಅದೇ ಬ್ಯಾಚಿನ ಇನ್ನೂ ನಾಲ್ಕು ಡಬ್ಬಿ ತಂದಿಟ್ಟಿದ್ದೇನೆ. ಬಿಲ್ ಇದೆ. ಸೀಲ್ ಒಡೆದಿಲ್ಲ.

ಇಂತಿ,
ಮೊಮ್ಮಗುವಿನ ಅಜ್ಜಿ

ಲಗತ್ತು: ಬಿಲ್ಲಿನ ಪ್ರತಿ, ಎರಡೂ ಡಬ್ಬಿಗಳ ಫೋಟೋ, ನಿಮ್ಮ ಇಮೇಲಿನ ಪ್ರತಿ, ಬಳಸದ ಕೂಪನ್