ಮಳೆಗೆ ಮುಂಚೆ ಟೈರ್, ವೈಪರ್ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಜೂನ್ ಹತ್ತಿರ ಬಂತು. ಶಿರಾಡಿ, ಚಾರ್ಮಾಡಿ ಕಡೆ ಹೋಗುವವರು ಮೊದಲು ಟೈರ್ ನೋಡಿ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ಗಾಳಿ ಚೆಕ್ ಮಾಡಿ. ಎಷ್ಟಿರಬೇಕು ಅನ್ನೋದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕರ್‌ನಲ್ಲಿ ಇರುತ್ತದೆ.

ಟೈರಿನ ಗೀರುಗಳ ಒಳಗೆ ಅಡ್ಡಲಾಗಿ ಸಣ್ಣ ರಬ್ಬರ್ ಉಬ್ಬು ಕಾಣುತ್ತದೆ, ಎತ್ತರ 1.6 ಮಿ.ಮೀ. ಟೈರ್ ಸವೆದು ಅದರ ಮಟ್ಟಕ್ಕೆ ಬಂದಿದ್ದರೆ ಬದಲಿಸಲೇಬೇಕು. ಒದ್ದೆ ರಸ್ತೆಯಲ್ಲಿ ಅಂಥ ಟೈರಿಗೆ ಹಿಡಿತವೇ ಸಿಗೋದಿಲ್ಲ. ಸ್ಟೆಪ್ನಿಗೂ ಗಾಳಿ ಹಾಕಿಸಿ, ಎಲ್ಲರೂ ಮರೆಯೋದು ಅದನ್ನೇ.

ವೈಪರ್ ಗೆರೆ ಬಿಡುತ್ತಿದ್ದರೆ ರಬ್ಬರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ಆಮೇಲೂ ಗೆರೆ ಬಂದರೆ ಹೊಸದು ಹಾಕಿ, ಖರ್ಚು ಜಾಸ್ತಿ ಇಲ್ಲ. ಇಂಜಿನ್ ಬಿಸಿ ಇರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಗಾಳಿ ನೋಡುವ ಗೇಜ್ ನನ್ನ ಹತ್ತಿರ ಇದೆ, ಬೇಕಾದವರು ಕೇಳಿ.