ಕೇಸ್ ಶೀಟಿನಲ್ಲಿ ‘ಕೃಷಿ’ ಎಂದು ಬರೆದರೆ ಸಾಲದು

ಮಾನ್ಯ ಸಂಪಾದಕರೇ,

ಕ್ಯಾನ್ಸರ್ ಚಿಕಿತ್ಸೆಗೆ ಬರುವ ರೈತರನ್ನೂ ಕೃಷಿ ಕೂಲಿಗಳನ್ನೂ ‘ಬೆಳೆಗೆ ಯಾವ ಯಾವ ಔಷಧಿ (ಕೀಟನಾಶಕ) ಹೊಡೆದಿದ್ದೀರಿ, ಎಷ್ಟು ವರ್ಷ ಹೊಡೆದಿದ್ದೀರಿ’ ಎಂದು ಕೇಳಿ ಬರೆದುಕೊಳ್ಳುವುದು ನಮ್ಮ ರಾಜ್ಯದ ಎಲ್ಲ ಆಸ್ಪತ್ರೆಗಳಲ್ಲಿ ಕಡ್ಡಾಯವಾಗಬೇಕು. ಇದನ್ನು ಒತ್ತಾಯಿಸಲೆಂದೇ ಈ ಪತ್ರ.

ನನ್ನ ಅಣ್ಣ ಟೊಮೆಟೊ ಬೆಳೆಗಾರ. ಸ್ವಂತ ತೋಟದ ಕೆಲಸ ಮುಗಿದ ಮೇಲೆ ಊರಿನವರ ತೋಟಗಳಿಗೂ ಔಷಧಿ ಹೊಡೆಯಲು ಕೂಲಿಗೆ ಹೋಗುತ್ತಿದ್ದ. ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಪರೀಕ್ಷೆ ಮಾಡಿಸಿದಾಗ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್ ಎಂದರು. ಬೀಡಿ ಸೇದುತ್ತೀರಾ, ಗುಟ್ಕಾ ಹಾಕುತ್ತೀರಾ, ಕುಡಿಯುತ್ತೀರಾ ಎಂದು ಹೋದ ಕಡೆಯೆಲ್ಲ ಕೇಳಿದರು. ಅವನಿಗೆ ಅದಾವುದರ ಅಭ್ಯಾಸವೂ ಇಲ್ಲ. ಉದ್ಯೋಗ ಎಂಬಲ್ಲಿ ‘ಕೃಷಿ’ ಎಂದು ಬರೆದು ಮುಂದಿನ ಪುಟಕ್ಕೆ ಹೋದರು.

ಆ ಕೃಷಿ ಹೇಗಿರುತ್ತದೆ ಎಂದು ನಮ್ಮ ಕಡೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ಮಳೆ ಹಿಡಿದರೆ ಅಂಗಮಾರಿ ರೋಗದ ಭಯಕ್ಕೆ ನಾಲ್ಕೈದು ದಿನಕ್ಕೊಮ್ಮೆ ಸಿಂಪಡಣೆ. ಅಂಗಡಿಯವರು ಹೇಳಿದ ಎರಡು ಮೂರು ಔಷಧಿಗಳನ್ನು ಒಂದೇ ಡ್ರಮ್ಮಿಗೆ ಸುರಿದು ಕದಡುತ್ತಾರೆ; ಕೋಲು ಸಿಗದಿದ್ದರೆ ಬರಿಗೈಯಲ್ಲೇ. ಬೆನ್ನ ಮೇಲಿನ ಟ್ಯಾಂಕಿನಿಂದ ಜಿನುಗಿದ್ದು ಅಂಗಿಯನ್ನು ತೋಯಿಸಿ ಸೊಂಟದವರೆಗೆ ಇಳಿಯುತ್ತದೆ. ನಾಜಲ್ ಕಟ್ಟಿಕೊಂಡರೆ ಬಿಚ್ಚಿ ಬಾಯಿಗಿಟ್ಟು ಊದುತ್ತಾರೆ. ಅಣ್ಣ ಹಾಗೆ ಊದಿ, ಟವೆಲ್ಲಿನಿಂದ ತುಟಿ ಒರೆಸಿಕೊಂಡು, ಅದೇ ಟವೆಲ್ಲನ್ನು ಮತ್ತೆ ಮೂಗಿಗೆ ಕಟ್ಟಿಕೊಂಡು ಮುಂದಿನ ಸಾಲಿಗೆ ಹೋಗುವುದನ್ನು ನಾನೇ ಕಂಡಿದ್ದೇನೆ. ಮೂಗು ಮುಚ್ಚಿದರೆ ಸಾಕು ಎಂದು ಎಲ್ಲರೂ ತಿಳಿದಿದ್ದಾರೆ. ಸಿಂಪಡಿಸುವವರ ದೇಹಕ್ಕೆ ವಿಷ ಸೇರುವುದು ಹೆಚ್ಚಾಗಿ ಚರ್ಮದ ಮೂಲಕ, ಅದರಲ್ಲೂ ಒದ್ದೆ ಬಟ್ಟೆ ಮೈಗೆ ಅಂಟಿಕೊಂಡಿರುವ ಕಡೆ.

ಅಣ್ಣನ ಕಾಯಿಲೆ ಇದರಿಂದಲೇ ಬಂತು ಎಂದು ನಾನು ಹೇಳುತ್ತಿಲ್ಲ. ಒಬ್ಬ ರೋಗಿಯನ್ನು ನೋಡಿ ಯಾರೂ ಹಾಗೆ ಹೇಳಲಾರರು. ಸಾವಿರಾರು ಜನರ ವಿವರ ಒಂದೆಡೆ ಸೇರಿದರೆ ಮಾತ್ರ ಹೇಳಬಹುದು. ಅಮೆರಿಕದ ಅಯೋವಾ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳಲ್ಲಿ ರೈತರು, ಅವರ ಮನೆಯವರು, ಔಷಧಿ ಹೊಡೆಯುವ ಕಸುಬಿನವರು ಸೇರಿ ಸುಮಾರು 89,000 ಮಂದಿಯ ಆರೋಗ್ಯವನ್ನು 1993ರಿಂದ ಗಮನಿಸುತ್ತಾ ಬಂದಿದ್ದಾರೆ. ಅಲ್ಲಿನ ರೈತರಲ್ಲಿ ಒಟ್ಟಾರೆ ಕ್ಯಾನ್ಸರ್ ಉಳಿದವರಿಗಿಂತ ಕಡಿಮೆ, ಏಕೆಂದರೆ ಅವರು ಸಿಗರೇಟು ಸೇದುವುದು ಕಡಿಮೆ. ಆದರೆ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಕ್ಯಾನ್ಸರ್, ತುಟಿಯ ಕ್ಯಾನ್ಸರ್, ಕೆಲವು ಬಗೆಯ ಲಿಂಫೋಮಾಗಳು ಹೆಚ್ಚು. ಕೇಳಿ ಬರೆದುಕೊಂಡಿದ್ದರಿಂದಲೇ ಈ ವ್ಯತ್ಯಾಸ ಕಣ್ಣಿಗೆ ಬಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಕೀಟನಾಶಕ ಸಿಂಪಡಿಸುವ ಕೆಲಸವನ್ನೇ ‘ಕ್ಯಾನ್ಸರ್ ತರುವ ಸಂಭವ ಹೆಚ್ಚು’ ಎಂಬ ವರ್ಗಕ್ಕೆ 1991ರಲ್ಲೇ ಸೇರಿಸಿತು. 2015ರಲ್ಲಿ ಮೆಲಾಥಿಯಾನ್ ಎಂಬ ಕೀಟನಾಶಕ ಮತ್ತು ಗ್ಲೈಫೊಸೇಟ್ ಎಂಬ ಕಳೆನಾಶಕ ಅದೇ ವರ್ಗಕ್ಕೆ ಬಂದವು. ಲಿಂಡೇನ್ ಎಂಬ ಕೀಟನಾಶಕ ಮನುಷ್ಯರಲ್ಲಿ ಲಿಂಫೋಮಾ ತರುತ್ತದೆ ಎಂದು ಅದೇ ವರ್ಷ ಖಚಿತವಾಗಿ ಹೇಳಿತು. ನಮ್ಮ ಅಪ್ಪನ ಕಾಲದಲ್ಲಿ ಮನೆಮನೆಯ ಜಗಲಿಯ ಮೇಲಿರುತ್ತಿದ್ದ ಬಿಎಚ್‌ಸಿ ಪುಡಿಯಲ್ಲಿ ಹುಳ ಕೊಲ್ಲುತ್ತಿದ್ದ ಅಂಶ ಇದೇ ಲಿಂಡೇನ್.

ಡಬ್ಬಿಯ ಮೇಲೆ ಹಸಿರು ತ್ರಿಕೋನವಿದ್ದರೆ ಆ ಔಷಧಿ ಸಾಧು ಎಂದು ನಮ್ಮೂರಿನವರು ನಂಬುತ್ತಾರೆ. ಕೆಂಪು, ಹಳದಿ, ನೀಲಿ, ಹಸಿರು ಎಂಬ ಈ ಬಣ್ಣಗಳು ತಿಳಿಸುವುದು ಅದು ಒಂದೇ ಸಲಕ್ಕೆ ಮೈ ಸೇರಿದರೆ ಎಷ್ಟು ಪ್ರಮಾಣದಲ್ಲಿ ಕೊಲ್ಲಬಲ್ಲದು ಎಂಬುದನ್ನು ಮಾತ್ರ. ಇಪ್ಪತ್ತು ವರ್ಷ ದಿನವೂ ಸ್ವಲ್ಪ ಸ್ವಲ್ಪವೇ ಮೈಗೆ ಸೇರಿದರೆ ಏನಾದೀತು ಎಂದು ಆ ಬಣ್ಣ ಹೇಳುವುದಿಲ್ಲ. ಕೃಷಿ ಇಲಾಖೆಯವರು ತರಬೇತಿಗಳಲ್ಲಿ ಇದನ್ನು ಬಿಡಿಸಿ ಹೇಳಬೇಕು.

ಫ್ರಾನ್ಸ್ ದೇಶವು ಕೀಟನಾಶಕ ಬಳಸಿ ದುಡಿದವರಿಗೆ ಬರುವ ಲಿಂಫೋಮಾವನ್ನು 2015ರಲ್ಲಿ, ಪ್ರಾಸ್ಟೇಟ್ ಕ್ಯಾನ್ಸರನ್ನು 2021ರಲ್ಲಿ ವೃತ್ತಿಜನ್ಯ ಕಾಯಿಲೆ ಎಂದು ಒಪ್ಪಿಕೊಂಡಿದೆ. ಹಾಗಾಗಿ ಅಲ್ಲಿನ ಕೃಷಿ ಕೂಲಿಗೂ ಪರಿಹಾರ ಕೇಳುವ ಹಕ್ಕಿದೆ. ನಮ್ಮವರು ನಾಳೆ ಅಂಥದ್ದನ್ನು ಕೇಳಬೇಕೆಂದರೆ ಕೈಯಲ್ಲಿ ಯಾವ ದಾಖಲೆ ಇದೆ?

ಹೆಂಗಸರ ಸ್ಥಿತಿ ಇನ್ನೂ ಕಷ್ಟದ್ದು. ಔಷಧಿ ಹೊಡೆದ ಮರುದಿನವೇ ತೋಟಕ್ಕಿಳಿದು ಹಣ್ಣು ಬಿಡಿಸುವವರು, ಗಿಡ ಕಟ್ಟುವವರು ಅವರೇ. ವಿಷದಲ್ಲಿ ನೆಂದ ಬಟ್ಟೆಗಳನ್ನು ಮನೆಯ ಉಳಿದ ಬಟ್ಟೆಗಳ ಜೊತೆ ಕೈಯಲ್ಲಿ ಒಗೆಯುವವರೂ ಅವರೇ. ನನ್ನ ಅತ್ತಿಗೆ ಮದುವೆಯಾದಂದಿನಿಂದ ಇವೆಲ್ಲವನ್ನೂ ಮಾಡಿದ್ದಾರೆ. ಅವರು ಆಸ್ಪತ್ರೆಗೆ ಹೋದರೆ ಉದ್ಯೋಗದ ಜಾಗದಲ್ಲಿ ‘ಗೃಹಿಣಿ’ ಎಂದು ಬರೆಯುತ್ತಾರೆ.

ಆರೋಗ್ಯ ಇಲಾಖೆ ಮತ್ತು ಕೃಷಿ ಇಲಾಖೆ ಕೂಡಿ ಕುಳಿತರೆ ಒಂದು ಪುಟದ ನಮೂನೆ ಸಿದ್ಧಪಡಿಸುವುದು ದೊಡ್ಡ ಕೆಲಸವಲ್ಲ. ಯಾವ ಬೆಳೆ, ಯಾವ ಔಷಧಿ, ಎಷ್ಟು ವರ್ಷ, ಮಾಡಿದ್ದು ಬೆರೆಸುವ ಕೆಲಸವೋ ಹೊಡೆಯುವ ಕೆಲಸವೋ ಬಿಡಿಸುವ ಕೆಲಸವೋ, ಇಷ್ಟು ಸಾಕು. ಔಷಧಿಯ ಹೆಸರು ಹೇಳಲು ಬಾರದವರಿಗೆ ಡಬ್ಬಿಗಳ ಚಿತ್ರ ತೋರಿಸಿ ಕೇಳಲಿ. ಅಣ್ಣನಿಗೆ ಒಂದು ಹೆಸರೂ ನೆಟ್ಟಗೆ ಬಾರದು, ಆದರೆ ಡಬ್ಬಿ ನೋಡಿದರೆ ಯಾವ ರೋಗಕ್ಕೆ, ಎಷ್ಟು ನೀರಿಗೆ ಎಷ್ಟು ಎಂದು ಈಗಲೂ ತಪ್ಪಿಲ್ಲದೆ ಹೇಳುತ್ತಾನೆ.

– ವಿಜ್ಞಾನ ಶಿಕ್ಷಕಿ, ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ