ಬಿ.ಪಿ. ಮಾತ್ರೆ ಬಿಟ್ಟ ಪುಟ್ಟುವಿಗೆ

ಚಿರಂಜೀವಿ ಪುಟ್ಟುವಿಗೆ ಸಾಗರದಿಂದ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

“ಬಿ.ಪಿ. 126ಕ್ಕೆ ಬಂತು ಅತ್ತೆ, ಮಾತ್ರೆ ನಿಲ್ಲಿಸಿಬಿಟ್ಟೆ” ಎಂದು ನಿನ್ನೆ ನೀನು ಹೇಳಿದ ಮೇಲೆ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ನಾನು ಏನು ಹೇಳಿದರೂ “ಆಯಿತು ಅತ್ತೆ” ಎಂದು ಇಟ್ಟುಬಿಡುತ್ತೀಯೆ. ಅದಕ್ಕೇ ಕಾಗದ ಬರೆಯಲು ಕುಳಿತಿದ್ದೇನೆ.

ಇಳಿದದ್ದು ಮಾತ್ರೆಯಿಂದ, ಪುಟ್ಟು. ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ಹೊರಟವನು, ತಲೆ ಒದ್ದೆಯಾಗಲಿಲ್ಲವಲ್ಲ ಎಂದು ನಡುದಾರಿಯಲ್ಲಿ ಕೊಡೆ ಮಡಚುತ್ತಾನೆಯೇ? ಕಚೇರಿಯ ತಪಾಸಣೆಯಲ್ಲಿ 152/98 ಬಂದಿತ್ತು. ವಾರ ಬಿಟ್ಟು ಡಾಕ್ಟರು ನೋಡಿದಾಗ 150/96. ಮೂರನೆಯ ಸಲವೂ 140ರ ಕೆಳಗೆ ಬರಲಿಲ್ಲ. ಒಂದೇ ಸಲ ಹೆಚ್ಚಿದ್ದರೆ ಗಾಬರಿಗೆ ಏರಿತು ಎನ್ನಬಹುದಿತ್ತು. ಬೇರೆ ಬೇರೆ ದಿನ 140/90 ದಾಟಿದರೆ ಅದನ್ನು ರಕ್ತದೊತ್ತಡದ ಕಾಯಿಲೆ ಎಂದೇ ಲೆಕ್ಕ ಹಿಡಿಯಬೇಕು. ಮೂವತ್ತಾರು ವರ್ಷ ಅದಕ್ಕೆ ಸಣ್ಣ ವಯಸ್ಸೇನೂ ಅಲ್ಲ.

ನಮ್ಮ ಮಾತಿನಲ್ಲೇ ಒಂದು ತಪ್ಪು ಸೇರಿಕೊಂಡಿದೆ. ಸಿಟ್ಟು ಬಂದರೆ “ನನ್ನ ಬಿ.ಪಿ. ಏರಿಸಬೇಡ” ಎನ್ನುತ್ತೇವೆ. ಹಾಗಾಗಿ ಸಮಾಧಾನದ ಮನುಷ್ಯರಿಗೆ ಈ ಕಾಯಿಲೆ ಬರುವುದಿಲ್ಲ, ಬಂದರೂ ತಲೆನೋವೋ ತಲೆಸುತ್ತೋ ಬಂದು ಗೊತ್ತಾಗುತ್ತದೆ ಎಂದು ನಂಬಿಬಿಟ್ಟಿದ್ದೇವೆ. ಇದು ಬಹಳ ಮಂದಿಯಲ್ಲಿ ಯಾವ ಲಕ್ಷಣವನ್ನೂ ತೋರುವುದಿಲ್ಲ. ವರ್ಷಗಟ್ಟಲೆ ಸುಮ್ಮನೆ ಇದ್ದುಕೊಂಡು ಮೂತ್ರಪಿಂಡ, ಕಣ್ಣು, ಹೃದಯ, ಮಿದುಳಿನ ರಕ್ತನಾಳಗಳನ್ನು ಸವೆಸುತ್ತಾ ಹೋಗುತ್ತದೆ. ನಿನ್ನ ಮಾವನಷ್ಟು ಸಮಾಧಾನದ ಮನುಷ್ಯನನ್ನು ನೀನು ಕಂಡಿದ್ದೀಯಾ? ಅವರ ದನಿ ಏರಿದ್ದನ್ನೇ ನಾನು ಕೇಳಿರಲಿಲ್ಲ.

ಆಗ ನೀನು ಕಾಲೇಜಿನಲ್ಲಿದ್ದೆ, ಎಲ್ಲವನ್ನೂ ನಿನಗೆ ಯಾರೂ ಹೇಳಲಿಲ್ಲ. ಮಾವ ಒಂದು ವರ್ಷ ಮಾತ್ರೆ ತೆಗೆದುಕೊಂಡರು. ನಿನಗೆ ಕೊಟ್ಟಿದ್ದಾರಲ್ಲ, ಅದೇ ಅಮ್ಲೋಡಿಪಿನ್. ಪಾದ ಊದಿಕೊಂಡಿತು. ಡಾಕ್ಟರಿಗೆ ಹೇಳಲಿಲ್ಲ, ನನಗೂ ಹೇಳಲಿಲ್ಲ, ಸುಮ್ಮನೆ ನಿಲ್ಲಿಸಿದರು. ಏಳು ತಿಂಗಳು ಗುಂಡುಕಲ್ಲಿನ ಹಾಗೆ ಇದ್ದರು, ಗದ್ದೆಗೂ ಹೋಗಿ ಬರುತ್ತಿದ್ದರು. ಒಂದು ಬೆಳಿಗ್ಗೆ ಕಾಫಿ ಲೋಟ ಬಲಗೈಯಿಂದ ಜಾರಿತು. ಇನ್ನೊಂದು ಲೋಟ ಕೊಟ್ಟೆ, ಅದೂ ಜಾರಿತು. ಏನಾಯಿತು ಎಂದು ಕೇಳಿದರೆ ಬಾಯಿ ಒಂದು ಕಡೆಗೆ ಎಳೆಯಿತು, ಮಾತು ತೊದಲಿತು. ವಾಯು ಹಿಡಿದಿದೆ ಎಂದುಕೊಂಡು ನಾನು ಎಳ್ಳೆಣ್ಣೆ ಬಿಸಿ ಮಾಡಿ ತೋಳು ತಿಕ್ಕುತ್ತಾ ಕುಳಿತೆ. ಮಧ್ಯಾಹ್ನ ಯಾರೋ ಹೇಳಿದ ಮೇಲೆ ಕಾರು ಹುಡುಕಿ ಶಿವಮೊಗ್ಗ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಪಾರ್ಶ್ವವಾಯು ಹೊಡೆದಿತ್ತು; ಸ್ಕ್ಯಾನ್‌ನಲ್ಲಿ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಕಂಡಿತು. ನಾಲ್ಕೂವರೆ ಗಂಟೆಯೊಳಗೆ ಬಂದಿದ್ದರೆ ಕರಗಿಸುವ ಇಂಜೆಕ್ಷನ್ ಕೊಡಬಹುದಿತ್ತು ಎಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಸೊಸೈಟಿಯ ಲೆಕ್ಕದ ಪುಸ್ತಕವನ್ನು ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದ ಕೈ ಆಮೇಲೆ ಪಿಂಚಣಿಗೆ ಹೆಬ್ಬೆಟ್ಟು ಒತ್ತಿತು. ಅವರು ತೀರಿಕೊಂಡ ಮೇಲೆ ಬೀರು ತೆಗೆದಾಗ ಪಂಚೆಯ ಮಡಿಕೆಯಲ್ಲಿ ಆ ಮಾತ್ರೆಯ ಪಟ್ಟಿ ಸಿಕ್ಕಿತು. ಹನ್ನೊಂದು ಮಾತ್ರೆ ಹಾಗೇ ಇದ್ದವು.

ಪಾದ ಊದುವುದು ಆ ಮಾತ್ರೆಗೆ ಇರುವ ಗುಣವೇ. ಹೇಳಿದ್ದರೆ ಪ್ರಮಾಣ ಇಳಿಸುತ್ತಿದ್ದರು, ಇಲ್ಲವೇ ಬೇರೆ ಮಾತ್ರೆ ಬರೆದುಕೊಡುತ್ತಿದ್ದರು. ಬಿ.ಪಿ.ಗೆ ಮಾತ್ರೆಗಳು ಹಲವು ಬಗೆ. ಒಂದು ಜಾತಿಯದು ಕೆಲವರಿಗೆ ಒಣಕೆಮ್ಮು ತರುತ್ತದೆ, ಅದನ್ನೂ ಬದಲಾಯಿಸುತ್ತಾರೆ. ನಿನಗೂ ಏನಾದರೂ ತೊಂದರೆ ಇದ್ದರೆ ಶನಿವಾರವೇ ಹೋಗಿ ಹೇಳು. ನಿಲ್ಲಿಸಿದ್ದನ್ನು ಮುಚ್ಚಿಡಬೇಡ. ಮುಚ್ಚಿಟ್ಟರೆ ಮಾತ್ರೆ ಹಿಡಿಯುತ್ತಿಲ್ಲವೆಂದು ಅವರು ಪ್ರಮಾಣ ಏರಿಸಿಯಾರು. ಮುಂದೆ ಒಂದು ದಿನ ಮರೆತರೆ ಮರುದಿನ ಎರಡು ನುಂಗುವುದೂ ಬೇಡ.

ಒಮ್ಮೆ ಶುರು ಮಾಡಿದರೆ ಜೀವಮಾನವಿಡೀ ಬಿಡುವ ಹಾಗಿಲ್ಲ ಎಂಬ ಭಯ ನಿನಗೆ. ಅದು ಚಟವಲ್ಲ. ತೂಕ ಇಳಿದು, ಉಪ್ಪು ಇಳಿದು, ದಿನವೂ ನಡೆದು ಬಿ.ಪಿ. ತಾನೇ ಹತೋಟಿಗೆ ಬಂದರೆ ಡಾಕ್ಟರೇ ಪ್ರಮಾಣ ಕಡಿಮೆ ಮಾಡುತ್ತಾರೆ. ಕಡಿಮೆ ಮಾಡುವವರು ಅವರಾಗಲಿ.

ಉಪ್ಪಿನ ಲೆಕ್ಕ ನಾನೇ ಮಾಡಿ ನೋಡಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದಷ್ಟು. ಒಂದು ಕೆಜಿ ಪೊಟ್ಟಣ ಇಬ್ಬರಿಗೆ ನೂರು ದಿನಕ್ಕಿಂತ ಹೆಚ್ಚು ಬರಬೇಕು. ನಮ್ಮ ಮನೆಯಲ್ಲಿ ನಾವಿಬ್ಬರೇ ಇದ್ದಾಗ ಅದು ಒಂದೂವರೆ ತಿಂಗಳಿಗೆ ಮುಗಿಯುತ್ತಿತ್ತು. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿಗೆ ಹಾಕಿದ್ದು ಆ ಲೆಕ್ಕದಲ್ಲಿ ಇರಲೇ ಇಲ್ಲ, ಅವಕ್ಕೆ ಬೇರೆ ಪೊಟ್ಟಣ ಬರುತ್ತಿತ್ತು. ನಿನ್ನ ಹೆಂಡತಿಗೆ ಹೇಳು, ಪೊಟ್ಟಣ ಒಡೆದ ತಾರೀಕನ್ನು ಅದರ ಮೇಲೇ ಬರೆದಿಡಲಿ. ಸೈಂಧವ ಉಪ್ಪಾದರೆ ಪರವಾಗಿಲ್ಲ ಎನ್ನುವವರಿದ್ದಾರೆ, ಅದೂ ಉಪ್ಪೇ. ಹೊರಗಿನ ಚಿಪ್ಸ್, ನೂಡಲ್ಸ್, ಹೋಟೆಲಿನ ಸಾರಿನಲ್ಲಿ ಎಷ್ಟಿದೆಯೆಂದು ನಮಗೆ ಕಾಣುವುದಿಲ್ಲ, ಅದಕ್ಕೇ ಅವು ಹೆಚ್ಚು ಮೋಸ.

ಮನೆಯಲ್ಲಿ ಅಳೆಯುವ ಯಂತ್ರ ಕೊಂಡಿದ್ದೀಯೆ, ಒಳ್ಳೆಯದು. ಆದರೆ ಕಳೆದ ಸಲ ನೀನು ಅಳೆದದ್ದನ್ನು ನೋಡಿದೆ. ಮೆಟ್ಟಿಲು ಹತ್ತಿ ಬಂದವನು ಅಂಗಿಯ ತೋಳಿನ ಮೇಲೇ ಪಟ್ಟಿ ಸುತ್ತಿ, ಕಾಲಿನ ಮೇಲೆ ಕಾಲು ಹಾಕಿ, ಮಗಳ ಜೊತೆ ಮಾತಾಡುತ್ತಾ ಗುಂಡಿ ಒತ್ತಿದೆ. ಹಾಗೆ ಬಂದ ಅಂಕಿಯನ್ನು ನಂಬಬೇಡ. ಅಳೆಯುವುದಕ್ಕೆ ಮುಂಚೆ ಅರ್ಧ ಗಂಟೆ ಕಾಫಿ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕುಳಿತುಕೋ. ಬರಿಯ ತೋಳಿಗೆ ಪಟ್ಟಿ ಕಟ್ಟಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಡು. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ ಬರೆದಿಡು. ಮನೆಯ ಅಳತೆಗೆ 135/85 ಗಡಿ.

ಕುತ್ತಿಗೆ ನೋವಿಗೆಂದು ಅಂಗಡಿಯಲ್ಲೇ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಬಿ.ಪಿ. ಏರಿಸುತ್ತವೆ, ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ನಿನ್ನ ಗೊರಕೆಯ ವಿಷಯವನ್ನೂ ಡಾಕ್ಟರಿಗೆ ಹೇಳು, ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಬಿ.ಪಿ. ಇಳಿಯುವುದು ಕಷ್ಟ. ಸಕ್ಕರೆ ಪರೀಕ್ಷೆ, ಮೂತ್ರಪಿಂಡ ಹೇಗಿದೆ ಎಂದು ತಿಳಿಸುವ ಕ್ರಿಯೇಟಿನಿನ್ ಪರೀಕ್ಷೆ ಆಗಿಲ್ಲವಾದರೆ ಅದನ್ನೂ ಮಾಡಿಸು.

ಮೊಬೈಲಿನಲ್ಲಿ ಬಂದ ಬೇರಿನ ಪುಡಿಯ ವಿಷಯ ಕೇಳಿದ್ದೆಯಲ್ಲ. ನಾನು ಗಿಡಮೂಲಿಕೆಯನ್ನು ಹಳಿಯುವವಳಲ್ಲ. ನಮ್ಮ ಸರ್ಪಗಂಧದ ಬೇರು ಬಿ.ಪಿ. ಇಳಿಸುತ್ತದೆ ಎಂದು ಮುಂಬೈಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಅದರಿಂದ ರೆಸರ್ಪಿನ್ ಎಂಬ ಸಾರವನ್ನೇ ತೆಗೆದರು, ಪ್ರಪಂಚವೆಲ್ಲ ಬಳಸಿತು. ಆದರೆ ಅದನ್ನು ನುಂಗಿದ ಕೆಲವರಿಗೆ ಮನಸ್ಸು ಕುಗ್ಗಿ ಖಿನ್ನತೆ ಹಿಡಿಯಿತು. ಬೇರಿಗೆ ಶಕ್ತಿಯಿದ್ದರೆ ಅಪಾಯವೂ ಇರುತ್ತದೆ. ಹೆಸರು, ಪ್ರಮಾಣ ಯಾವುದೂ ಗೊತ್ತಿಲ್ಲದ ಪುಡಿಯನ್ನು ಬಾಯಿಗೆ ಹಾಕಬೇಡ. ದುಡ್ಡಿನ ಚಿಂತೆಯಾದರೆ ಜನೌಷಧಿ ಅಂಗಡಿಯಲ್ಲಿ ಇದೇ ಮಾತ್ರೆ ಬಹಳ ಅಗ್ಗಕ್ಕೆ ಸಿಗುತ್ತದೆ.

ಮನೆಯವರೆಲ್ಲರೂ ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. ಯಾರಿಗೇ ಆಗಲಿ ಮುಖ ಒಂದು ಕಡೆ ಜೋತರೆ, ಎರಡೂ ಕೈ ಎತ್ತಿಸಿದಾಗ ಒಂದು ಕೆಳಗೆ ಬಿದ್ದರೆ, ಮಾತು ತೊದಲಿದರೆ ಗಡಿಯಾರ ನೋಡಿ ಹೊತ್ತು ಬರೆದುಕೊಂಡು 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಎಣ್ಣೆ ಬಿಸಿ ಮಾಡುತ್ತಾ ಕೂರಬೇಡಿ. ನಾನು ಮಾಡಿದ್ದು ನಿಮ್ಮ ಮನೆಯಲ್ಲಿ ಆಗಬಾರದು.

ದೀಪಾವಳಿಗೆ ಬರುವಾಗ ಅಳತೆ ಬರೆದ ಪುಸ್ತಕ ತೆಗೆದುಕೊಂಡು ಬಾ, ನಾನೇ ಕನ್ನಡಕ ಹಾಕಿಕೊಂಡು ಪುಟ ಪುಟ ನೋಡುತ್ತೇನೆ. ಶನಿವಾರ ಡಾಕ್ಟರನ್ನು ಕಂಡು ಬಂದ ಕೂಡಲೇ ಫೋನ್ ಮಾಡು. ಎಷ್ಟೇ ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ ಅತ್ತೆ